ಭಾವನ ಲ್ಯಾಬಿನಲ್ಲಿ ಸಕ್ರವ್ವ

ಸಕ್ರವ್ವನ ಬಗ್ಗೆ ಒಳ್ಳೆಯ ಮಾತು ಬೇಕಾದರೆ ಹೊನವಾಡಕ್ಕೆ ಹೋಗಿ ಯಾರನ್ನಾದರೂ ಕೇಳಿ. ಊರಿಗೆ ಊರೇ ಹೇಳುತ್ತದೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವವಳು. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅಂದೂ ಇತ್ತು, ಇಂದೂ ಇದೆ. ಈಗ ಬಬಲೇಶ್ವರದ ಸಾಲೆಯಲ್ಲಿ ಟೀಚರಾಗಿ ನಾಲ್ಕು ಮಕ್ಕಳಿಗೆ ಬುದ್ಧಿ ಹೇಳುವವಳಾಗಿದ್ದೇನೆ, ಆದರೂ ಹೋಗಿಲ್ಲ. "ಹೊಟ್ಟಿಕಿಚ್ಚಿಗೆ ತಣ್ಣೀರು ಹಾಕ್ಕೋ ಬೇ," ಎಂದು ನಮ್ಮವ್ವ ಹನಮವ್ವ ಅನ್ನುತ್ತಿದ್ದಳು. ಎಷ್ಟು ಕೊಡ ಅಂತ ಹಾಕಿಕೊಳ್ಳಲಿ?

ನಾವಿಬ್ಬರೂ ವಿಜಾಪುರದ ಒಂದೇ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದವರು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಜೀವಶಾಸ್ತ್ರಕ್ಕೆ ಹೆಣ್ಣುಮಕ್ಕಳು ಬರುವುದೇ ಅಪರೂಪ. ನಾನು ಇಬ್ರಾಹಿಂಪುರದವಳು, ನಮ್ಮಪ್ಪ ರಾಯಪ್ಪ ರೈಲ್ವೆಯಲ್ಲಿ ಗ್ಯಾಂಗಮನ್. ಹಳಿಯ ಪಕ್ಕದ ಓಣಿಯಿಂದ ಕಾಲೇಜಿನ ತನಕ ನಡೆದೇ ಹೋಗುತ್ತಿದ್ದೆ. ವರ್ಗದಲ್ಲಿ ಹುಡುಗಿ ಎಂದರೆ ನಾನೊಬ್ಬಳೇ. ಸರ್‌ಗಳೆಲ್ಲ "ಪರಸವ್ವಾ, ತಿಳೀತೇನು?" ಎಂದು ನನ್ನನ್ನೇ ಕೇಳುವವರು. ಲ್ಯಾಬಿನಲ್ಲಿ ಕಿಟಕಿಯ ಪಕ್ಕದ ಬೆಳಕಿನ ಟೇಬಲ್ ನನ್ನದು, ಕಾಚು, ಅಂದರೆ ಗಾಜು, ಒಡೆಯದ ಸೂಕ್ಷ್ಮದರ್ಶಕ ನನ್ನದು. ಹಿಗ್ಗಿ ಹೀರೇಕಾಯಿ ಆಗಿದ್ದೆ. ಅಷ್ಟರಲ್ಲಿ ಇವಳು ಬಂದಳು.

ತವರು ಘೋಣಸಗಿ, ಕೊಟ್ಟದ್ದು ಹೊನವಾಡಕ್ಕೆ. ಕುರಿ ಕಾಯುತ್ತ, ಜೋಳ ಬಿತ್ತುತ್ತ ಬಂದ ಮನೆತನ. ಗಂಡ ಶಂಕರೆಪ್ಪ ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುತ್ತಿದ್ದ, ಹಬ್ಬಕ್ಕೆ ಬಂದು ಹೋಗುತ್ತಿದ್ದ. ಹೆಂಡತಿ ಓದಲಿ ಎಂದು ಹಟ ಹಿಡಿದವನೇ ಅವನು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು "ಹೆಣ್ಣಿಗೆ ಇಷ್ಟ್ಯಾಕ ಓದಸ್ತೀರಿ?" ಎಂದು ಅವಲಕ್ಕಿ ತಿಂದು ಚಹಾ ಕುಡಿದು ಎದ್ದು ಹೋದವರೇ. ಇವಳಿಗೆ ಮಾತ್ರ ಓದಿಸುವ ಗಂಡ. ಹೊನವಾಡದಿಂದ ತಿಕೋಟಾ ಮೇಲೆ ಹಾದು ಬರುವ ಬಸ್ಸಿನಲ್ಲಿ ಅವಳಿಗೆ ಸೀಟು ಹಿಡಿದು ಕೊಡುವವರೇ ಹತ್ತು ಮಂದಿ. ಬಸ್ಸಿನಿಂದ ಇಳಿದರೆ ಮಾಸದ ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಕೈಯಲ್ಲಿ ರೊಟ್ಟಿಯ ಗಂಟು. ನಾನು ಮಾತ್ರ ಧೂಳು ತುಂಬಿದ ಕಾಲು ಕೊಡವಿಕೊಂಡು ಗೇಟಿನಲ್ಲಿ ನಿಂತು ನೋಡುತ್ತಿದ್ದೆ.

ಆ ಸೆರಗಿಗೆ ಒಂದು ಕಾರಣವಿತ್ತು. ಶಂಕರೆಪ್ಪನ ಸ್ವಂತ ಅಣ್ಣ ಮಲಕಾಜಪ್ಪ ನಮ್ಮ ಲ್ಯಾಬಿನಲ್ಲಿ ಪ್ರಾಕ್ಟಿಕಲ್ ಮಾಡಿಸುವ ಸರ್. ಎಂದರೆ ಸಕ್ರವ್ವನಿಗೆ ಭಾವ. ಅವರ ಮನೆಯಲ್ಲಿ ತಮ್ಮನ ಹೆಂಡತಿ ಭಾವನ ಎದುರು ತಲೆ ತೆರೆದು ನಿಲ್ಲುವ ಹಾಗಿಲ್ಲ, ನೇರವಾಗಿ ಮಾತಾಡುವ ಹಾಗಿಲ್ಲ. ಭಾವನೂ ಅವಳ ಹೆಸರು ಹಿಡಿದು ಕರೆಯುವ ಹಾಗಿಲ್ಲ, ಮುಟ್ಟುವುದಂತೂ ದೂರದ ಮಾತು. ಇಬ್ಬರು ಗಂಡುಮಕ್ಕಳೂ ಕೂಡಿ ಬೆನ್ನು ಹತ್ತಿದ್ದಕ್ಕೆ ಅತ್ತೆ ಬೋರವ್ವ ಸೊಸೆಯನ್ನು ಕಾಲೇಜಿಗೆ ಕಳಿಸಲು ಒಪ್ಪಿದ್ದಳು. ಒಪ್ಪುವಾಗ ಇಡೀ ಓಣಿಗೆ ಕೇಳುವ ಹಾಗೆ ಒಂದು ಮಾತು ಹೇಳಿದ್ದಳಂತೆ: "ಭಾವನ ಮುಂದ ಸೆರಗು ತಲಿಮ್ಯಾಲಿಂದ ಇಳೀತಂದ್ರ ಅವತ್ತಿಗೆ ಕಾಲೇಜು ಬಂದ್. ಮರುದಿನದಿಂದ ಕುರಿ ಹಿಂದ."

ಬೋರವ್ವ ಆಡಿದ ಮಾತಿಗೆ ತಪ್ಪುವವಳಲ್ಲ ಎಂದು ಸಕ್ರವ್ವನೇ ನನಗೆ ಹೇಳಿದ್ದಳು. ಅವಳಿಗೆ ಕಾಲೇಜು ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಬಸ್ಸು ಕೆಟ್ಟು ನಿಂತ ದಿನ ಸಜ್ಜೆ ಹೇರಿದ ಎತ್ತಿನ ಚಕ್ಕಡಿ ಹತ್ತಿ, ಅರ್ಧ ದಾರಿ ನಡೆದು, ಕಪ್ಪೆ ಕೊಯ್ಯುವ ಹೊತ್ತಿಗೆ ಸರಿಯಾಗಿ ಬಂದು ನಿಂತಿದ್ದಳು. ನನಗೆ ಅದನ್ನು ಕಂಡೂ ಉರಿಯಿತು.

ಸಕ್ರವ್ವ ಬಂದ ಮೇಲಿನ ಮೊದಲ ಪ್ರಾಕ್ಟಿಕಲ್ಲಿನ ದಿನ ಮಲಕಾಜಪ್ಪ ಸರ್ ಎಲ್ಲರನ್ನೂ ಸುತ್ತ ನಿಲ್ಲಿಸಿ ಲ್ಯಾಬಿನ ರೀತಿ ಹೇಳಿದರು. ದೊಡ್ಡ ದನಿ ಅವರದು, ಬಯಲಿನಲ್ಲಿ ಕುರಿ ಕೂಗಿ ಬೆಳೆದ ದನಿ.

"ಲ್ಯಾಬ್ ಅಂದ್ರ ಅಡಗಿಮನಿ ಅಲ್ಲ. ಇಲ್ಲಿ ಏನೂ ತಿನ್ನಂಗಿಲ್ಲ, ಕುಡ್ಯಂಗಿಲ್ಲ, ಬಾಟ್ಲಿ ಬಿಚ್ಚಿ ಮೂಸಂಗಿಲ್ಲ. ಆಸಿಡ್ಡಿಗೆ ನೀರು ಸುರೀಬ್ಯಾಡ್ರಿ, ನೀರಿಗೆ ಆಸಿಡ್ ಹಾಕ್ರಿ, ಅದೂ ಹನಿ ಹನಿ. ಬ್ಲೇಡು ನಿಮ್ಮ ಬೆರಳಿನ ಕಡೆ ಎಳೀಬ್ಯಾಡ್ರಿ. ಒಡದ ಕಾಚು ಕೈಲೆ ಆರಿಸಬ್ಯಾಡ್ರಿ. ಕಪ್ಪಿ ಮುಟ್ಟಿದ ಕೈ ಸಾಬಾಣ ಹಚ್ಚಿ ತೊಳಕೊಂಡ ಮ್ಯಾಲೇ ರೊಟ್ಟಿ."

ಆಮೇಲೆ ಬಾಗಿಲ ಪಕ್ಕದ ಮೊಳೆಗೆ ಒಂದು ಕರಿ ಕಂಬಳಿ ತೂಗು ಹಾಕಿದರು. ಅವರ ಮನೆಯ ಕುರಿಯ ಉಣ್ಣೆಯದೇ. "ಮೈಗೆ ಬೆಂಕಿ ಹತ್ತಿದ್ರ ಓಡಬ್ಯಾಡ್ರಿ, ಓಡಿದ್ರ ಉರಿ ಹೆಚ್ಚಾಕ್ಕೈತಿ. ಈ ಕಂಬಳಿ ಹೊದ್ದು ನೆಲಕ್ಕ ಬೀಳ್ರಿ. ಉಣ್ಣಿ ಭಗ್ ಅಂತ ಹತ್ತಂಗಿಲ್ಲ, ಕಮರತೈತಿ ಅಷ್ಟ. ಮತ್ತ ಸ್ಪಿರಿಟ್ ದೀಪ ಹಚ್ಚೂ ಮುಂದ ಹೆಣ್ಣಮಕ್ಕಳು ಜಡಿ ಹಿಂದಕ, ಸೆರಗು ಸೊಂಟಕ."

ಸೆರಗು ಸೊಂಟಕ್ಕೆ ಎಂದರೋ ಇಲ್ಲವೋ, ಸಕ್ರವ್ವನ ಸೆರಗು ಇನ್ನೊಂದು ಗೇಣು ಮುಂದೆ ಬಂತು. ಹೇಳಿದವನು ಭಾವನಲ್ಲವೇ! ಹುಡುಗರು ಮುಸಿ ಮುಸಿ ನಕ್ಕರು. ಮಲಕಾಜಪ್ಪ ಸರ್ ಕೆಮ್ಮಿ ಮೇಲಿನ ಛತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಪರಸವ್ವಾ, ಬಾಜೂದಾಕಿಗೆ ಹೇಳು, ದೀಪಾ ದೂರ ಇಟಗೊಂಡು ಕೆಲಸಾ ಮಾಡು ಅಂತ," ಎಂದರು.

ಬಾಜೂದಾಕಿ ನನ್ನಿಂದ ಒಂದು ಮಾರು ದೂರದಲ್ಲಿ, ಎರಡೂ ಕಿವಿ ನೆಟ್ಟಗೆ ಇಟ್ಟುಕೊಂಡು ನಿಂತಿದ್ದಳು. ಆದರೂ ನಾನು ಹೇಳಬೇಕು. ಹೇಳಿದೆ. ಅವಳು ಸೆರಗಿನೊಳಗಿಂದ, "ಹೂಂ ಅಂದ್ಲು ಅಂತ ಹೇಳು," ಎಂದಳು. ಅದನ್ನೂ ಹೇಳಿದೆ. ಅಂದಿನಿಂದ ಶುರುವಾಯಿತು ನೋಡಿ ನನ್ನ ಹಣೆಬರಹ.

"ಪರಸವ್ವಾ, ಅಕಿಗೆ ಕೇಳು, ಜಿರಳಿ ನರ ಸಿಕ್ಕತೇನು?"

"ಸಿಕ್ಕೈತಿ ಅಂತ ಹೇಳು, ಒಂದು ಕಡೆ ಹರದೈತಿ."

"ಹರದೈತಂತ್ರಿ ಸರ್."

"ಚಿಮಟಾ ಸಡಲ ಹಿಡಿ ಅಂತ ಹೇಳು."

ಹೀಗೆ. ನನಗೂ ಜಿರಲೆ ಇತ್ತು, ನನ್ನದರ ನರವೂ ಹರಿದಿತ್ತು. ನನ್ನನ್ನು ಕೇಳುವವರು ಯಾರು? ಸರ್ ಬಾಯಿಂದ ಗಳಿಗೆಗೊಮ್ಮೆ ನನ್ನ ಹೆಸರು ಬರುತ್ತಿತ್ತು, ಆದರೆ ಮಾತು ಮಾತ್ರ ಅವಳಿಗೆ. ನಾನು ನಡುವಿನ ಬಾಗಿಲು. ಬಾಗಿಲಿಗೆ ಯಾರಾದರೂ ಉಂಡೆಯಾ ಎಂದು ಕೇಳುತ್ತಾರೆಯೇ?

ಇದು ಸಾಲದ್ದಕ್ಕೆ ಸರ್ ಅವಳ ದೀಪಕ್ಕೆ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಸುತ್ತ ಒಂದು ಗೋಡೆ ಮಾಡಿಸಿ ತಂದರು, ಸೆರಗಿಗೆ ಉರಿ ತಾಗದಿರಲಿ ಎಂದು. ನಾನು ತಡೆಯಲಾರದೆ, "ನನಗೂ ಒಂದು ಮಾಡಸ್ರಿ ಸರ್," ಎಂದೆ.

"ನೀ ಸೆರಗು ಸಿಗಸ್ತಿ, ಜಡಿ ಕಟ್ಟತಿ. ನಿನಗ್ಯಾಕ ಬೇಕವ್ವ?" ಎಂದರು.

ನೋಡಿ ನ್ಯಾಯ! ಹೇಳಿದ ಹಾಗೆ ಕೇಳಿದವಳಿಗೆ ಏನೂ ಇಲ್ಲ, ಕೇಳದವಳಿಗೆ ತಗಡಿನ ಕೋಟೆ. ಅಂದು ಮನೆಗೆ ಹೋಗಿ ಅವ್ವನ ಮುಂದೆ ಅತ್ತೂ ಅತ್ತು ಮೂಗು ಕೆಂಪಾಯಿತು. "ಅಕೀನೂ ಅಳ್ತಿರಬೇಕು ಬೇ, ತನ್ನ ಬಾಯಿಲೆ ಮಾತಾಡಾಕ ಆಗಂಗಿಲ್ಲಂತ," ಎಂದಳು ಅವ್ವ. ಅವ್ವನಿಗೆ ಯಾವಾಗಲೂ ಮಂದಿಯ ಮಕ್ಕಳ ಚಿಂತೆ.

ಸಕ್ರವ್ವ ಅಳುವವಳೂ ಅಲ್ಲ. ಭಾವ ಹೊರಗೆ ಹೋದರೆ ಸಾಕು, ಸೆರಗು ಹಿಂದೆ ಸರಿಸಿ ಕುಸಬಿ ಎಣ್ಣೆ ಹಚ್ಚಿದ ತಲೆ ಕೆರೆದುಕೊಂಡು ನಗುತ್ತಿದ್ದಳು. ಅವಳ ಕೈಯೋ, ದೇವರು ಬಿಡುವಿನಲ್ಲಿ ಕೂತು ಮಾಡಿದ ಕೈ. ಎರೆಹುಳ ಕೊಯ್ದರೆ ಹನಿ ರಕ್ತವೂ ಬರುತ್ತಿರಲಿಲ್ಲ. ಉಳ್ಳಾಗಡ್ಡಿ ಬೇರಿನ ತುದಿಯನ್ನು ಬಣ್ಣದಲ್ಲಿ ನೆನೆಸಿ, ಕಾಚಿನ ಪಟ್ಟಿಯ ಮೇಲಿಟ್ಟು, ದೀಪದ ಮೇಲೆ ಒಂದು ಸುತ್ತು ಬಿಸಿ ಮಾಡಿ, ಹೆಬ್ಬೆರಳಿನಿಂದ ಒತ್ತಿದರೆ ಜೀವಕೋಶ ಒಡೆದು ಎರಡಾಗುವುದು ಸೂಕ್ಷ್ಮದರ್ಶಕದಲ್ಲಿ ಕಾಣಬೇಕು. ನನ್ನದರಲ್ಲಿ ಕಾಣುತ್ತಿದ್ದದ್ದು ಬರೀ ಕೆಂಪು ಕೆಸರು. ಅವಳದರಲ್ಲಿ ಒಂದೊಂದು ಎಳೆಯೂ ಎದ್ದು ಕಾಣುತ್ತಿತ್ತು. ನಾನು ಅವಳ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಎದ್ದರೆ ಅವಳು ನನ್ನ ಮುಖ ನೋಡಿ, "ಛಲೋ ಬಂದೈತಿ ಹಂಗಾರ. ನಿನ್ನ ಮಾರಿ ಮ್ಯಾಲೇ ಗೊತ್ತಾಕ್ಕೈತಿ ಬಿಡು," ಎನ್ನುತ್ತಿದ್ದಳು. ಒಮ್ಮೆ ತನ್ನ ಗಂಟಿನಿಂದ ಶೇಂಗಾ ಹಿಂಡಿ ಹಾಕಿದ ರೊಟ್ಟಿ ಕೊಟ್ಟಳು. ಸಿಟ್ಟಿನಲ್ಲೇ ತಿಂದೆ. ರುಚಿಯಾಗಿತ್ತು, ಅದಕ್ಕೂ ಸಿಟ್ಟು ಬಂತು.

ಕೊನೆಯ ವರ್ಷದ ದೀಪಾವಳಿ ಆದ ಮೇಲೆ ಒಂದು ದಿನ ಸಕ್ರವ್ವ ನೈಲಾನ್ ಸೀರೆ ಉಟ್ಟು ಬಂದಳು. ಎಳೆ ಹಸಿರು, ಮೈಮೇಲೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಶಂಕರೆಪ್ಪ ಸೊಲ್ಲಾಪುರದಿಂದ ತಂದದ್ದು. ಅವನು ಅಂದು ಗಿರಣಿಗೆ ವಾಪಸ್ಸು ಹೋಗುವವನು, ವಿಜಾಪುರದ ತನಕ ಜೋಡಿಯಾಗಿ ಬಂದಿದ್ದರು. ಅಂಥ ಸೀರೆಯನ್ನು ನಾನು ಅಂಗಡಿಯ ಕಾಚಿನ ಹಿಂದೆ ಮಾತ್ರ ನೋಡಿದ್ದೆ. ಮಲಕಾಜಪ್ಪ ಸರ್ ಮುಂಜಾನೆಯ ಮೊದಲ ಬಸ್ಸಿಗೇ ಬರುವವರು, ಲ್ಯಾಬಿನಲ್ಲೇ ಅದನ್ನು ಮೊದಲು ನೋಡಿದ್ದು. ಅವರ ಮುಖ ಗಂಟಾಯಿತು.

"ಪರಸವ್ವಾ, ಅಕಿಗೆ ಹೇಳು. ನೈಲಾನು ಅಂದ್ರ ಉರದು ಹೋಗೂದಲ್ಲ, ಕರಗಿ ಮೈಗೆ ಹತಗೊಂತೈತಿ. ಲ್ಯಾಬಿಗೆ ಉಡೂ ಅರಬಿ ಅಂದ್ರ ಹತ್ತೀದು ಮಾತ್ರ."

ಇದನ್ನು ಮಾತ್ರ ನಾನು ಬಾಯಿ ತುಂಬ, ಇಡೀ ಲ್ಯಾಬಿಗೆ ಕೇಳುವ ಹಾಗೆ ಹೇಳಿದೆ. ಸಕ್ರವ್ವ ಕೆಂಪಾದಳು. "ಇವತ್ತೊಂದಿನ ಅಂತ ಹೇಳು. ನಾಳಿ ಉಡಂಗಿಲ್ಲ." ನಾನು ಹೇಳಿದೆ. ಸರ್ ಏನೋ ಗೊಣಗಿ ಬೇರೆ ಟೇಬಲ್ಲಿಗೆ ಹೋದರು.

ಅಂದು ಉಳ್ಳಾಗಡ್ಡಿ ಬೇರಿನದೇ ಕೆಲಸ. ತಗಡಿನ ಗೋಡೆ ಇದ್ದರೆ ಕಾಚು ಉರಿಯ ಮೇಲೆ ಆಡಿಸಲು ಕೈ ಹೋಗುವುದಿಲ್ಲ. ಅದಕ್ಕೆ ಸಕ್ರವ್ವ ತಗಡು ತೆಗೆದು ಬದಿಗಿಟ್ಟಿದ್ದಳು. ನೈಲಾನ್ ಸೆರಗು ಎಣ್ಣೆ ತಲೆಯ ಮೇಲೆ ನಿಲ್ಲುವ ಮಾತೇ ಇಲ್ಲ, ಎಳೆದಂತೆಲ್ಲ ಜಾರುತ್ತಿತ್ತು. ನಾನು ಆ ಮೂಲೆಯ ನಲ್ಲಿಯ ಹತ್ತಿರ ಕಾಚು ತೊಳೆಯುತ್ತಿದ್ದೆ. ಅವಳು ಬಲಗೈಯಲ್ಲಿ ಚಿಮಟ ಹಿಡಿದು ಕಾಚು ಬಿಸಿ ಮಾಡುತ್ತಿರುವಾಗ ಹಿಂದಿನಿಂದ ಭಾವನ ಚಪ್ಪಲಿಯ ಸದ್ದು ಕೇಳಿತು. ಎಡಗೈಯಿಂದ ಸೆರಗು ರಪ್ಪನೆ ಮುಂದಕ್ಕೆ ಎಳೆದಳು. ಅಂಚು ದೀಪದ ಮೇಲೆ ತೂಗಿತು.

ಮಲಕಾಜಪ್ಪ ಸರ್ ಅದನ್ನು ಕಂಡರು. ಲ್ಯಾಬಿನ ಕಿಟಕಿ ನಡುಗುವ ಹಾಗೆ ಕೂಗಿದರು:

"ಪರಸವ್ವಾ! ಸೆರಗು!"

ನನ್ನ ಹೆಸರು! ನಾನು ಗಾಬರಿಯಾಗಿ ನನ್ನ ಸೊಂಟ ಮುಟ್ಟಿಕೊಂಡೆ. ನನ್ನ ಸೆರಗು ಎಲ್ಲಿರಬೇಕೋ ಅಲ್ಲೇ ಇತ್ತು. ಹುಡುಗರೆಲ್ಲ ನನ್ನ ಕಡೆ ನೋಡಿದರು. ಸಕ್ರವ್ವನೂ ತಿರುಗಿ ನನ್ನನ್ನೇ ನೋಡಿದಳು, ಪಾಪ ಪರಸವ್ವನಿಗೆ ಏನಾಯಿತೋ ಎಂದು. ಅಷ್ಟರಲ್ಲಿ ಉರಿ ಅವಳ ಕಿವಿಯ ತನಕ ಏರಿತ್ತು.

ಎರಡು ವರ್ಷ ನನ್ನ ಮೂಲಕವೇ ಮಾತಾಡಿ ರೂಢಿಯಾದ ಬಾಯಿ ಅದು. ಸಕ್ರವ್ವಾ ಎಂದು ಒಂದು ಸಲ ಕೂಗಿದ್ದರೆ ಅವಳು ತಲೆ ತಗ್ಗಿಸುತ್ತಿದ್ದಳು, ದೀಪ ದೂಡುತ್ತಿದ್ದಳು. ಆ ಹೆಸರು ಆ ಬಾಯಿಗೆ ಬರಲೇ ಇಲ್ಲ.

ಸರ್ ಓಡಿ ಹೋಗಿ ಕಂಬಳಿ ಕಿತ್ತು ತಂದರು. ತಂದವರು ಅವಳ ಎದುರು ಬಂದು ಹಾಗೇ ನಿಂತುಬಿಟ್ಟರು. ಎರಡೂ ಕೈಯಲ್ಲಿ ಕಂಬಳಿ ಬಿಚ್ಚಿ ಹಿಡಿದಿದ್ದಾರೆ, ಒಂದು ಹೆಜ್ಜೆ ಮುಂದಿಟ್ಟರೆ ಆಯಿತು, ಆದರೆ ಆ ಹೆಜ್ಜೆ ಕಿತ್ತಿಡಲು ಆಗುತ್ತಿಲ್ಲ. ನಮಗೆಲ್ಲ ಬೆಂಕಿ ಆರಿಸುವುದನ್ನು ಕಲಿಸಿದ ಮನುಷ್ಯ! ನಾನು ಟೇಬಲ್ಲಿಗೆ ಡಿಕ್ಕಿ ಹೊಡೆದು ಓಡಿ ಬಂದು, ಕಂಬಳಿ ಕಸಿದುಕೊಂಡು, ಅವಳ ತಲೆಯ ಮೇಲೆ ಹಾಕಿ, ತಬ್ಬಿಕೊಂಡು ನೆಲಕ್ಕೆ ಬಿದ್ದೆ. ಉಣ್ಣೆ ಕಮರಿದ ವಾಸನೆ. ಕೆಳಗಿನಿಂದ ಅವಳು "ಯವ್ವಾ, ಯವ್ವಾ" ಅನ್ನುತ್ತಿದ್ದಳು. ಕರಗಿದ ನೈಲಾನ್ ನನ್ನ ಅಂಗೈಗೂ ಹತ್ತಿತು.

ಯಾರೋ ಹುಡುಗ ಇಂಕಿನ ಬಾಟಲಿ ತಂದ, ಸುಟ್ಟ ಗಾಯಕ್ಕೆ ಸುರಿಯಲು. "ಇಂಕ್ ಬ್ಯಾಡ! ತಣ್ಣೀರು! ಪರಸವ್ವಾ, ನೀರು ಹಾಕು, ಹಾಕ್ತನ ಇರು. ಹತಗೊಂಡ ಅರಬಿ ಕೀಳಬ್ಯಾಡ!" ಎಂದು ಸರ್ ದೂರದಿಂದಲೇ ಕೂಗಿದರು. ನಾನು ನಲ್ಲಿಯ ಕೆಳಗೆ ಅವಳನ್ನು ಹಿಡಿದು ಕೂತೆ.

ದವಾಖಾನೆಗೆ ಇಡೀ ಕಾಲೇಜು ಬಂತು. ಸಕ್ರವ್ವನ ಮಂಚದ ಸುತ್ತ ಜಾತ್ರೆ. ಯಾರೋ ಎಳನೀರು ತಂದರು, ಯಾರೋ ಬಾಳೆಹಣ್ಣು ತಂದರು. ಹೊನವಾಡದ ಬಸ್ಸು ಬಂದರೆ ಅರ್ಧ ಬಸ್ಸು ಅಲ್ಲಿಗೇ. ನನ್ನ ಅಂಗೈ ಬೊಬ್ಬೆ ಎದ್ದು ಬಾಳೆಕಾಯಿಯಂತೆ ಊದಿತ್ತು, "ನಿಂದೇನಾತು?" ಎಂದು ಕೇಳಿದ್ದು ಗಾಯ ಕಟ್ಟುವ ನರ್ಸಮ್ಮ ಒಬ್ಬಳೇ. ಹೇಳಿ, ನನಗೆ ಉರಿಯಬಾರದೇ? ಉರಿಯಿತು, ಕೈಯೂ ಹೊಟ್ಟೆಯೂ ಕೂಡಿ.

ಬೋರವ್ವ ಬಂದಳು. ಎತ್ತರದ ಹೆಂಗಸು, ಹಣೆಯ ತುಂಬ ಭಂಡಾರದ ಅರಿಸಿನ. ಮಂಚದ ಹತ್ತಿರ ನಿಂತು ಸೊಸೆಯ ಪಟ್ಟಿ ಕಟ್ಟಿದ ತಲೆ ನೋಡಿದಳು. "ಸೆರಗು ತಲಿಮ್ಯಾಲ ಇತ್ತೋ ಇಲ್ಲೋ?" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. "ಇತ್ರೀ! ಇದ್ದದ್ದಕ್ಕ ಸುಟ್ಟದ್ದು!" ಎಂದು ಒದರಿದೆ. ಸಕ್ರವ್ವ ಕಣ್ಣು ತೆರೆದು, ಕಟ್ಟಿನ ಸಂದಿಯಿಂದ ಸಣ್ಣ ದನಿಯಲ್ಲಿ, "ಇಳೀಲಿಲ್ಲ ಅತ್ತಿ. ಸುಟ್ಟ ಹೋತು," ಎಂದಳು.

ಬೋರವ್ವ ಕಣ್ಣೊರೆಸಿಕೊಂಡು, "ಇಳೀಲಿಲ್ಲಂದ ಮ್ಯಾಲ ಕಾಲೇಜು ಬಿಡಸಾಕ ನನ್ನ ಬಾಯಿಲ್ಲ. ಪರೀಕ್ಷಾ ಬರಿ. ಮಾತು ಮಾತ್ರ ಅದ ಮಾತು, ಭಾವನ ಮುಂದ ತಲಿ ಬಯಲಾಗಬಾರ್ದು," ಎಂದಳು. ಹೋಗುವಾಗ ನನಗೂ ಒಂದು ರೊಟ್ಟಿ ಕೊಟ್ಟಳು, ನಮ್ಮ ಜಾತಿ ಬಲ್ಲವಳಾಗಿ ಕೈ ತಾಗದ ಹಾಗೆ ಮೇಲಿನಿಂದ. ಅದನ್ನೂ ನಾನು ಮರೆತಿಲ್ಲ.

ಸಕ್ರವ್ವ ಎರಡು ತಿಂಗಳ ಮೇಲೆ ಕಾಲೇಜಿಗೆ ಬಂದಳು. ಸೆರಗು ಈಗ ಭಾವ ಇದ್ದರೂ ತಲೆಯ ಮೇಲೆ, ಇಲ್ಲದಿದ್ದರೂ ತಲೆಯ ಮೇಲೆ. ಒಳಗೆ ಏನಾಗಿದೆ ಎಂದು ನನಗೂ ತೋರಿಸಲಿಲ್ಲ. ರೊಟ್ಟಿ ಕೊಡುತ್ತಿದ್ದಳು, ನಗುತ್ತಿರಲಿಲ್ಲ. ಮಲಕಾಜಪ್ಪ ಸರ್ ದನಿಯೂ ಇಳಿದಿತ್ತು. ನಮ್ಮ ವಿಭಾಗದ ಮುಖ್ಯಸ್ಥರು ಈ ನಡುವೆ ಹೊಸ ಕಟ್ಟಳೆ ಮಾಡಿದ್ದರು: ಸೆರಗು ಸೊಂಟಕ್ಕೆ ಸಿಕ್ಕಿಸದೆ ಯಾರೂ ದೀಪ ಹಚ್ಚಬಾರದು. ಮಲಕಾಜಪ್ಪ ಸರ್ ಟೇಬಲ್ಲಿನ ಹತ್ತಿರ ಬಂದು, ನೋಡಿ, ಹಚ್ಚು ಅಂದ ಮೇಲೆಯೇ ಕಡ್ಡಿ ಗೀರಬೇಕು. ಅಂದಿನಿಂದ ಸಕ್ರವ್ವ ದೀಪ ಬೇಡದ ಕೆಲಸವನ್ನಷ್ಟೇ ಮಾಡಿ ಎದ್ದು ಹೋಗುತ್ತಿದ್ದಳು. ಪರೀಕ್ಷೆಯ ದಿನ ತನಗೆ ರಜೆ ಬೇಕು, ಬೇರೆಯವರನ್ನು ನಿಲ್ಲಿಸಿ ಎಂದು ಸರ್ ಬೇಡಿಕೊಂಡರು. ಬೇರೆ ಯಾರೂ ಇರಲಿಲ್ಲ.

ಸಕ್ರವ್ವನಿಗೆ ಆ ದಿನ ಏನು ಕಾದಿದೆ ಎಂದು ಇಡೀ ವರ್ಗಕ್ಕೆ ಗೊತ್ತಿತ್ತು. ಸೆರಗು ಬಿಗಿದರೆ ಅತ್ತೆಯ ಮಾತು ಮುರಿಯಿತು, ಬಿಗಿಯದಿದ್ದರೆ ದೀಪವಿಲ್ಲ, ದೀಪವಿಲ್ಲದಿದ್ದರೆ ಪ್ರಾಕ್ಟಿಕಲ್ ನಪಾಸು. ಹೇಗೆ ನೋಡಿದರೂ ಕುರಿಯ ಹಿಂದೆ. ಅವಳು ಹೋದರೆ ಅವಳ ಪಾಲಿಗೆ ಹೋದ ಕಿಟಕಿಯ ಬೆಳಕು, ಸರ್ ಬಾಯಿಯ ಶಹಬ್ಬಾಸ್ ಎಲ್ಲ ಮತ್ತೆ ನನಗೇ. ಈ ಲೆಕ್ಕ ನನ್ನ ತಲೆಯಲ್ಲಿ ಬಂದದ್ದು ಸುಳ್ಳಲ್ಲ. ಯಾಕೆ ಬರಬಾರದು? ನಾನೇನು ಬಸವಣ್ಣನೇ?

ಪರೀಕ್ಷೆಯ ದಿನ ಬೋರವ್ವನೂ ಬಸ್ಸಿನಲ್ಲಿ ಬಂದಳು. ಸುಟ್ಟ ಮೇಲೆ ಸೊಸೆಯನ್ನು ದೀಪದ ಹತ್ತಿರ ಒಬ್ಬಳನ್ನೇ ಬಿಡಲಾರೆ ಎಂದು ಅವಳ ಹಟ. ಲ್ಯಾಬಿನ ಬಾಗಿಲಲ್ಲೇ ಗೋಣಿ ಹಾಸಿ ಕೂತುಬಿಟ್ಟಳು. ಲ್ಯಾಬಿನ ಜವಾನ ತುಕಾರಾಮ ಕೈಮುಗಿದ. "ಯವ್ವಾ, ಇಲ್ಲಿ ಕುಂದ್ರಬಾರ್ದು, ಪರೀಕ್ಷಾ ನಡದೈತಿ."

"ನಡೀಲಿ. ನಾ ಏನ್ ಉತ್ತರಾ ಹೇಳ್ಕೊಡ್ತೀನೇನು?" ಎಂದಳು ಬೋರವ್ವ.

ಧಾರವಾಡದಿಂದ ಬಂದ ಪರೀಕ್ಷಕರು ನಮ್ಮ ಮುಖ್ಯಸ್ಥರ ಜೊತೆ ಮೇಲಿನ ಮೇಜಿನ ಹಿಂದೆ ಕೂತಿದ್ದರು. ಸಕ್ರವ್ವನಿಗೂ ನನಗೂ ಬಂದದ್ದು ಉಳ್ಳಾಗಡ್ಡಿ ಬೇರು. ಬೇರಿನ ತುದಿ ಆಸಿಡ್ಡಿನಲ್ಲಿ ಮೆತ್ತಗಾಗಬೇಕು, ಹದ ಮೀರಿದರೆ ಕರಗಿ ನೀರಾಗುತ್ತದೆ. ಹದಕ್ಕೆ ಬಂತೆಂದರೆ ತೆಗೆದು ಬಣ್ಣ ಹಾಕಿ ದೀಪಕ್ಕೆ ಹಿಡಿಯಬೇಕು, ಆಮೇಲೆಂದು ಹಾಗೇ ಇಟ್ಟು ಕೂರಲು ಬರುವುದಿಲ್ಲ.

ಮಲಕಾಜಪ್ಪ ಸರ್ ಒಂದೊಂದೇ ಟೇಬಲ್ಲಿಗೆ ಬಂದರು. ನನ್ನದನ್ನು ನೋಡಿ, "ಹಚ್ಚು ಪರಸವ್ವಾ," ಎಂದರು. ಕಡ್ಡಿ ಗೀರಿದೆ. ಸಕ್ರವ್ವನ ಟೇಬಲ್ಲಿನ ಎದುರು ಹೋಗಿ ನಿಂತರು. ಅವಳು ಬೇರು ತೆಗೆದು ಬಣ್ಣದಲ್ಲಿ ಹಾಕಿ, ಕಾಚಿನ ಮೇಲಿಟ್ಟು, ಸೆರಗು ಹೊದ್ದು ತಲೆ ಬಗ್ಗಿಸಿ ನಿಂತಿದ್ದಳು. ಕೈ ಅಷ್ಟೇ ಕಾಣುತ್ತಿತ್ತು. ಸರ್ ರೂಢಿಯಂತೆ ನನ್ನ ಕಡೆ ತಿರುಗಿದರು.

"ಪರಸವ್ವಾ, ಅಕಿಗೆ ಹೇಳು..."

ಪರೀಕ್ಷಕರು ಮೇಜು ತಟ್ಟಿದರು. "ಏನ್ರಿ ಅದು? ಪರೀಕ್ಷೆಯಲ್ಲಿ ಒಬ್ಬ ವಿದ್ಯಾರ್ಥಿ ಇನ್ನೊಬ್ಬರ ಜೊತೆ ಮಾತಾಡುವಂತಿಲ್ಲ. ಮಾತಾಡಿದರೆ ಇಬ್ಬರನ್ನೂ ಎಬ್ಬಿಸುತ್ತೇನೆ."

ಸರ್ ಬಾಯಿ ಹಾಗೇ ತೆರೆದಿತ್ತು. ಕಾಚಿನ ಮೇಲಿನ ಬಣ್ಣ ಒಣಗುತ್ತ ಅಂಚು ಕಪ್ಪಾಗುತ್ತಿತ್ತು, ನನಗೆ ಅಲ್ಲಿಂದಲೇ ಕಂಡಿತು. ಸಕ್ರವ್ವ ಕಡ್ಡಿಪೆಟ್ಟಿಗೆ ಹಿಡಿದುಕೊಂಡು ನಿಂತೇ ಇದ್ದಳು. ಸರ್ ಬಾಗಿಲ ಕಡೆ ನೋಡಿದರು, ತಾಯಿ ಅಲ್ಲಿ ಕೂತಿದ್ದಳು. ಹಣೆಯ ಬೆವರು ತೋಳಿನಿಂದ ಒರೆಸಿಕೊಂಡು ತಮ್ಮನ ಹೆಂಡತಿಯ ಕಡೆ ನೇರವಾಗಿ ತಿರುಗಿದರು.

"ಸಕ್ರವ್ವಾ," ಎಂದರು. ದನಿ ಒಡೆಯಿತು. ಇನ್ನೊಮ್ಮೆ, ಬಯಲಿನ ದನಿಯಲ್ಲಿ, "ಸಕ್ರವ್ವಾ, ಸೆರಗು ಸೊಂಟಕ್ಕ ಕಟ್ಟವ್ವಾ. ಕಟ್ಟಿ ದೀಪಾ ಹಚ್ಚು."

ಸಕ್ರವ್ವ ಸೆರಗಿಗೆ ಕೈ ಹಾಕಲಿಲ್ಲ. ತಲೆ ಎತ್ತದೆ ಬಾಗಿಲ ಕಡೆ ಅಷ್ಟೇ ಹೊರಳಿದಳು. ಬೋರವ್ವ ಗೋಣಿಯ ಮೇಲಿಂದ ಎದ್ದು ನಿಂತಳು. ಈಗ ಒಳಗೆ ನುಗ್ಗಿ ಸೊಸೆಯ ಕೈ ಹಿಡಿದು ಎಳೆದುಕೊಂಡು ಹೋಗುತ್ತಾಳೆ ಎಂದುಕೊಂಡೆ. ಅವಳು ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು.

"ಮನ್ಯಾಗಿನ ಹಿರ್ಯಾಂವ ಹೆಸರ ಹಿಡದು ಹೇಳಾಕತ್ತಾನ, ಕಿವಿ ಕೇಳಸಂಗಿಲ್ಲೇನು ನಿನಗ?" ಎಂದು ಗದರಿದಳು. ಗದರಿ, ನಮಗೆಲ್ಲ ಬೆನ್ನು ಮಾಡಿ ಅಂಗಳದ ಕಡೆ ಮುಖ ಮಾಡಿ ಕೂತಳು. "ನಾ ಏನೂ ನೋಡಿಲ್ಲ," ಎಂದು ಅಂಗಳಕ್ಕೆ ಹೇಳಿದಳು.

ಸಕ್ರವ್ವ ಸೆರಗು ತೆಗೆದಳು. ಎಡ ಕಿವಿ ಅರ್ಧ ಇರಲಿಲ್ಲ. ಅಲ್ಲಿಂದ ಕೊರಳಿನ ತನಕ ಚರ್ಮ ಮುದುಡಿ ಕೆಂಪಗೆ ಎಳೆದುಕೊಂಡಿತ್ತು, ಅಷ್ಟಗಲ ಕೂದಲೂ ಇಲ್ಲ. ಹುಡುಗರಲ್ಲಿ ಒಬ್ಬ "ಅಯ್ಯೋ" ಎಂದು ಬಾಯಿ ಮುಚ್ಚಿಕೊಂಡ. ಮಲಕಾಜಪ್ಪ ಸರ್ ಅವರ ಕಣ್ಣು ತುಂಬಿ ಬಂತು, ಆದರೆ ಮುಖ ತಿರುಗಿಸಲಿಲ್ಲ, ನೋಡಿಯೇ ನಿಂತರು. ಅವಳು ಸೆರಗನ್ನು ಸೊಂಟಕ್ಕೆ ಸುತ್ತಿ ಗಟ್ಟಿ ಗಂಟು ಹಾಕಿ, ಕಡ್ಡಿ ಗೀರಿದಳು. ತನ್ನನ್ನು ಸುಟ್ಟ ಅದೇ ದೀಪ. ಕೈ ಕೂದಲೆಳೆಯಷ್ಟೂ ನಡುಗಲಿಲ್ಲ. ಒಣಗಿದ ಅಂಚಿಗೆ ಒಂದು ಹನಿ ಬಣ್ಣ ಹಾಕಿ, ಕಾಚನ್ನು ಉರಿಯ ಮೇಲೆ ಒಂದು ಸುತ್ತು ಆಡಿಸಿ, ಹೆಬ್ಬೆರಳಿನಿಂದ ಒತ್ತಿದಳು.

ನನ್ನ ಎರಡೂ ಕಿವಿ ನೆಟ್ಟಗಿದ್ದವು, ಸೆರಗು ಸೊಂಟದಲ್ಲಿತ್ತು, ಎದುರಿಗೆ ಅತ್ತೆ ಇರಲಿಲ್ಲ. ಆದರೂ ಹೆಬ್ಬೆರಳ ಒತ್ತು ಮೀರಿ ನನ್ನ ಕಾಚು ಒಡೆಯಿತು. ಆ ಮುಖ ಹೊತ್ತು, ಅಷ್ಟು ಗಂಡಸರ ಎದುರು, ಆ ದೀಪಕ್ಕೆ ನಾನು ಕಡ್ಡಿ ಗೀರುತ್ತಿದ್ದೆನೇ? ಇಲ್ಲ. ಸತ್ತರೂ ಇಲ್ಲ. ಸೀರೆಗೆ, ಗಂಡನಿಗೆ, ತಗಡಿಗೆ ಪಟ್ಟ ಹೊಟ್ಟೆಕಿಚ್ಚೆಲ್ಲ ಹುಡುಗಾಟ. ನಿಜವಾದದ್ದು ಹತ್ತಿಕೊಂಡದ್ದು ಅಂದು, ಇನ್ನೂ ಆರಿಲ್ಲ.

ಮಲಕಾಜಪ್ಪ ಸರ್ ಒಂದು ಹೆಜ್ಜೆ ಹತ್ತಿರ ಬಂದರು. "ಆತೇನು, ಸಕ್ರವ್ವಾ?"

ನಾನು ಅಭ್ಯಾಸ ಬಲದಿಂದ ಉತ್ತರ ಹೇಳಲು ಬಾಯಿ ತೆರೆದೆ.

"ಆತ್ರಿ ಸರ್," ಎಂದಳು ಸಕ್ರವ್ವ, ತನ್ನ ಬಾಯಿಂದ.